ಹಿಟ್ಟಿನ ಕೋಳಿಯ ಕೂಗು: ‘ಯಶೋಧರ ಚರಿತೆ’ ಮತ್ತು ಅಡುಗೆಮನೆಯ ಅಹಿಂಸೆ

ಜೈನ ಗೃಹಸ್ಥನ ಧರ್ಮವು ಬಸದಿಯಲ್ಲಿ ಎಷ್ಟು ನಡೆಯುವುದೋ ಅಷ್ಟೇ ಅಡುಗೆಮನೆಯಲ್ಲಿಯೂ ನಡೆಯುತ್ತದೆ. ನೀರನ್ನು ಸೋಸುವುದು, ಧಾನ್ಯವನ್ನು ಹಸನು ಮಾಡುವುದು, ಕಂದಮೂಲಗಳನ್ನು ವರ್ಜಿಸುವುದು, ಹೊತ್ತು ಮುಳುಗುವ ಮುನ್ನವೇ ಊಟ ಮುಗಿಸುವುದು ಇವೆಲ್ಲ ತಲೆಮಾರುಗಳಿಂದ ಬಂದ ನಿಯಮಗಳು. ಆದರೆ ಅದೇ ಒಲೆಯ ಬಳಿಗೆ ಬೇರೊಂದು ಬಗೆಯ ಆಚರಣೆಗಳೂ ಸದ್ದಿಲ್ಲದೆ ಬಂದು ಸೇರಿವೆ. ಮಗು ರಚ್ಚೆ ಹಿಡಿದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕುವರು. ಅಮಾವಾಸ್ಯೆಯಂದು ನಿಂಬೆಹಣ್ಣನ್ನು ಕೊಯ್ದು ಕುಂಕುಮ ಸವರಿ ಹೊಸ್ತಿಲಿನ ಎರಡು ಬದಿಗೆ ಇಡುವರು. ಹೊಸ ಮನೆ, ಹೊಸ ವಾಹನಗಳ ಮುಂದೆ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುವರು. ಜೀವಹಾನಿಯಿಲ್ಲದ ಈ ಕ್ರಿಯೆಗಳಲ್ಲಿ ದೋಷವೇನು ಎಂಬ ಪ್ರಶ್ನೆ ಸಹಜವಾದುದು. ಇದನ್ನೇ ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನನು ಕ್ರಿ.ಶ. 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಎತ್ತಿಕೊಂಡಿದ್ದಾನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಗೆ ಈ ಕಾವ್ಯ ವಿಶೇಷವಾಗಿ ಸಲ್ಲುತ್ತದೆ. ಕಾವ್ಯ ಹುಟ್ಟಿದ 23 ವರ್ಷಗಳ ತರುವಾಯ, 1232ರಲ್ಲಿ, ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗದಲ್ಲಿ ಇರುಂಗೋಳನ ಆಳ್ವಿಕೆಯಲ್ಲಿ ಗಂಗೆಯನ ಮಾರೆಯನು ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಮಧುಗಿರಿಯಲ್ಲಿ ಮಲ್ಲಿನಾಥ ಬಸದಿಯಿದೆ. ಅದೇ ಊರಿನಲ್ಲಿ ದಂಡಿನ ಮಾರಮ್ಮನ ಗುಡಿಯೂ ಇದೆ. ಜಿನಾಲಯ ಮತ್ತು ಮಾರಿಗುಡಿ ಒಂದೇ ಊರಿನಲ್ಲಿರುವ ನಾಡಿನಲ್ಲಿ ಚಂಡಮಾರಿಯ ಕಥೆ ದೂರದ ಉಜ್ಜಯಿನಿಯ ಕಥೆಯಾಗಿ ಉಳಿಯದು.

ಕಥೆಯು ಸರ್ವವಿದಿತ. ರಾಣಿ ಅಮೃತಮತಿಯ ದ್ರೋಹವನ್ನು ಕಣ್ಣಾರೆ ಕಂಡ ಯಶೋಧರನು ಅದನ್ನು ಕೆಟ್ಟ ಕನಸೆಂದು ತಾಯಿಗೆ ಹೇಳುತ್ತಾನೆ. ಮಗನಿಗೆ ಕೇಡು ಬಂದೀತೆಂದು ಅಂಜಿದ ಚಂದ್ರಮತಿಯು ಚಂಡಮಾರಿಗೆ ಬಲಿ ಕೊಡಿಸಲು ಬಯಸುತ್ತಾಳೆ. ಅವನು ಒಪ್ಪದಿರಲು ಹಿಟ್ಟಿನ ಕೋಳಿಯನ್ನಾದರೂ ಕೊಡೆಂದು ಬೇಡುತ್ತಾಳೆ. ಅವಳದು ಕ್ರೌರ್ಯವಲ್ಲ, ತಾಯಿಯ ಭೀತಿ. ಜನ್ನನ ಹಿರಿಮೆಯಿರುವುದೇ ಇಲ್ಲಿ: ಅಧರ್ಮವು ದುಷ್ಟರ ಬಾಯಿಂದ ಬರದೆ, ಪ್ರೀತಿಸುವವರ ಅಕ್ಕರೆಯ ಮಾತಾಗಿ, ಸಣ್ಣದೊಂದು ರಾಜಿಯಾಗಿ ಮನೆಯೊಳಕ್ಕೆ ಬರುತ್ತದೆ.

ಗೃಹಸ್ಥನ ಹಿಂಸೆಯನ್ನು ಶ್ರಾವಕಾಚಾರವು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಬೀಸುವುದು, ಕುಟ್ಟುವುದು, ಬೇಯಿಸುವುದು ಆರಂಭೀ ಹಿಂಸೆಗೆ ಸೇರುತ್ತವೆ. ಅದು ಗೃಹಸ್ಥನಿಗೆ ಪೂರ್ಣವಾಗಿ ತಪ್ಪದು, ಯತ್ನಾಚಾರದಿಂದ ಕಡಿಮೆ ಮಾಡಬಹುದು. ಕೋಳಿಗೆಂದು ಹಿಟ್ಟು ಬೀಸುವಾಗ ಸತ್ತಿರಬಹುದಾದ ಸೂಕ್ಷ್ಮಜೀವಿಗಳು ನಿತ್ಯದ ಅಡುಗೆಯಲ್ಲಿಯೂ ಸಾಯುತ್ತವೆ. ಆದರೂ ನಿತ್ಯದ ಹಿಟ್ಟು ಅನ್ನವಾಯಿತು, ಅಂದಿನ ಹಿಟ್ಟು ಬಲಿಯಾಯಿತು. ಪದಾರ್ಥ ಒಂದೇ, ಸಂಕಲ್ಪ ಬೇರೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಟ್ಟಿರುವುದರ ಮರ್ಮವೂ ಇದೇ.

ಕೊಯ್ದ ಕೋಳಿ ಕೂಗಿತೆಂಬ ಪ್ರಸಂಗವನ್ನು ಈ ದೃಷ್ಟಿಯಿಂದಲೇ ಓದಬೇಕು. ಹಿಟ್ಟಿನೊಳಗೆ ಬೆಂತರವೊಂದು ಹೊಕ್ಕಿತ್ತೆಂಬ ಕಾರಣದಿಂದ ಆ ಕೂಗನ್ನು ಪವಾಡವೆಂದು ತಿಳಿಯುವ ಅಪಾಯವುಂಟು. ಕೋಳಿ ಕೂಗದಿದ್ದರೆ ಪಾಪವಿರಲಿಲ್ಲವೆಂಬ ಭ್ರಮೆಗೂ ಎಡೆಯುಂಟು. ವಾಸ್ತವವಾಗಿ ಕರ್ಮಬಂಧವು ಕತ್ತಿ ಎತ್ತುವ ಮೊದಲೇ ಆಗಿತ್ತು. ಕೂಗು ಅದನ್ನು ದೊರೆಯ ಕಿವಿಗೆ ಮುಟ್ಟಿಸಿತು, ಅಷ್ಟೇ.

ಕಾವ್ಯದ ಎರಡನೆಯ ಅಡುಗೆ ಅಮೃತಮತಿಯದು. ವೈರಾಗ್ಯಕ್ಕೆ ಹೊರಟ ಗಂಡನಿಗೂ ಅತ್ತೆಗೂ ಅವಳು ಔತಣದಲ್ಲಿ ವಿಷವಿಕ್ಕುತ್ತಾಳೆ. ಮೊದಲ ಅಡುಗೆಯಲ್ಲಿ ಭಯ, ಎರಡನೆಯದರಲ್ಲಿ ದ್ವೇಷ; ಎರಡೂ ಕಡೆ ತಿನಿಸಿನ ರೂಪ ನಿರ್ದೋಷವಾಗಿಯೇ ತೋರುತ್ತದೆ. ಯಶೋಧರನ ಕಥಾಪರಂಪರೆ ಮುಂದೆ ಇನ್ನೂ ಘೋರವಾದುದನ್ನು ಹೇಳುತ್ತದೆ: ತಂದೆಯ ಶ್ರಾದ್ಧಕ್ಕೆಂದು ಮಗನು ಅಡಿಸುವ ಮಾಂಸವು ಪಶುಜನ್ಮ ತಳೆದ ಆ ತಂದೆಯದೇ. ಏನನ್ನು ಬೇಯಿಸುತ್ತಿದ್ದೇವೆಂದು ಅರಿಯದ ಅಡುಗೆಗೆ ಇದಕ್ಕಿಂತ ಕಠಿನವಾದ ದೃಷ್ಟಾಂತ ದೊರೆಯಲಾರದು.

ಕೃತಿಯಲ್ಲಿ ಕೊರತೆಯೂ ಉಂಟು. ಯಶೋಧರನ ತಳಮಳಕ್ಕೆ ದೊರೆತ ಅವಕಾಶ ಅಮೃತಮತಿಯ ಮನಸ್ಸಿಗೆ ದೊರೆತಿಲ್ಲ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ (1980) ರಾಣಿಯನ್ನೇ ಜೈನಳನ್ನಾಗಿ ಮಾಡಿ ಅವಳಿಗೆ ಮಾತು ಕೊಟ್ಟರು, ಸಂಘರ್ಷವನ್ನು ಒಂದೇ ಮನೆಯ ಅತ್ತೆ ಸೊಸೆಯರ ನಡುವೆ ತಂದರು. ಈ ನಾಟಕವನ್ನು ಜನ್ನನ ಜೊತೆಗಿಟ್ಟು ಓದಿದರೆ ಆ ಕೊರತೆ ಸ್ಪಷ್ಟವಾಗುತ್ತದೆ.

ಇಷ್ಟರಿಂದ ನೆರೆಯವರ ಕುಂಬಳಕಾಯಿಯನ್ನು ಹಳಿಯುವುದು ಕಾವ್ಯದ ತಾತ್ಪರ್ಯವೆಂದು ತಿಳಿಯಲಾಗದು. ಪ್ರಾಣಿಬಲಿಯನ್ನು ತಡೆಯುವ ಕಾನೂನು ಈ ರಾಜ್ಯದಲ್ಲಿ 1959ರಿಂದ ಇದೆ. ಕುರಿಯನ್ನು ಬಿಟ್ಟು ಕುಂಬಳಕಾಯಿಗೆ ಬಂದ ಕುಟುಂಬವು ಮೆಟ್ಟಿಲು ಏರಿದೆ. ಅಹಿಂಸೆಯನ್ನು ಅರಿತೂ ಹಿಟ್ಟಿನ ಕೋಳಿಗೆ ಒಪ್ಪಿದ ದೊರೆ ಮೆಟ್ಟಿಲು ಇಳಿದನು. ಇಬ್ಬರೂ ನಿಂತಿರುವ ಮೆಟ್ಟಿಲು ಒಂದೇ ಎಂದು ತೋರಿದರೂ ಮುಖ ಮಾಡಿದ ದಿಕ್ಕು ಬೇರೆ. ನರಬಲಿಗೆ ಸಿದ್ಧನಾಗಿದ್ದ ಮಾರಿದತ್ತನು ಕೊನೆಗೆ ಉದ್ಧಾರವಾಗುವುದೂ ಈ ನ್ಯಾಯದಿಂದಲೇ.

ಆದ್ದರಿಂದ ಪ್ರಶ್ನೆಯು ಜೈನ ಮನೆಗಳಿಗೇ ಮರಳುತ್ತದೆ. ಸೋಸಿದ ನೀರಿನಿಂದ ಮಾಡಿದ ಅಡುಗೆಯನ್ನು ಸಿಡುಕಿನಿಂದ ಬಡಿಸಿದರೆ, ಬಸದಿಯ ಪರ್ವದಿನದ ಪಂಕ್ತಿಯಲ್ಲಿ ಬಡವನೆಂದು ಒಬ್ಬನನ್ನು ಕೊನೆಗೆ ಕೂರಿಸಿದರೆ, ಕಂದಮೂಲವಿಲ್ಲವೆಂಬ ಮಾತ್ರಕ್ಕೆ ಆ ಊಟ ಶುದ್ಧವೆನಿಸದು. ಕೇಡಿಗೆ ಅಂಜಿ ನಿಂಬೆಹಣ್ಣನ್ನು ಕೊಯ್ಯುವ ಗೃಹಿಣಿಯೂ ಆ ಕೆಂಪು ಏತರ ಗುರುತೆಂದು ಒಮ್ಮೆ ವಿಚಾರಿಸುವುದು ಯುಕ್ತ. ಪದಾರ್ಥಶುದ್ಧಿಗೆ ನಿಯಮಗಳು ಸಾಕು. ಭಾವಶುದ್ಧಿಗೆ ಒಲೆಯ ಮುಂದಿರುವವರ ಎಚ್ಚರವೇ ಬೇಕು.