ಕಡ್ಡಾಯವಲ್ಲದ ಪೇಟ

ನ್ಯಾಯಾಲಯದ ತೀರ್ಪುಗಳನ್ನು ವಕೀಲರು ಮಾತ್ರ ಓದಬೇಕೆಂದೇನಿಲ್ಲ. ತೀರ್ಪೂ ಒಂದು ಪಠ್ಯ. ಅದು ಯಾರನ್ನು ಕಾಣುತ್ತದೆ, ಯಾರನ್ನು ಕಾಣದೆ ದಾಟಿಹೋಗುತ್ತದೆ ಎಂಬುದನ್ನು ಕಥೆ ಕಾದಂಬರಿಗಳನ್ನು ಓದುವಷ್ಟೇ ಎಚ್ಚರದಿಂದ ಓದಬಹುದು. ಹಿಜಾಬ್ ಕುರಿತು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2022ರ ಮಾರ್ಚ್ 15ರಂದು ಕೊಟ್ಟ ತೀರ್ಪನ್ನು, ಆ ಮೊಕದ್ದಮೆಯಲ್ಲಿ ಅರ್ಜಿದಾರಳೇ ಅಲ್ಲದ ಒಬ್ಬ ಸಿಖ್ ಹುಡುಗಿಯ ಕಡೆಯಿಂದ ಓದಿದರೆ ಹೇಗೆ?

ಅದೇ ವರ್ಷ ಫೆಬ್ರವರಿ 10ರ ಮಧ್ಯಂತರ ಆದೇಶ, ಸಮವಸ್ತ್ರ ನಿಗದಿಯಾಗಿದ್ದ ಕಾಲೇಜುಗಳ ತರಗತಿಗೆ ಕೇಸರಿ ಶಾಲು, ಹಿಜಾಬ್ ಮುಂತಾದ ಧಾರ್ಮಿಕ ಗುರುತುಗಳನ್ನು ಧರಿಸಿ ಬರಬಾರದೆಂದಿತು. ಬೆನ್ನಿಗೇ ಬೆಂಗಳೂರಿನ ಮೌಂಟ್ ಕಾರ್ಮೆಲ್ ಪದವಿಪೂರ್ವ ಕಾಲೇಜಿನಲ್ಲಿ ಅಮೃತ ದೀಕ್ಷೆ ಪಡೆದಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಪೇಟ ತೆಗೆಯುವಂತೆ ಕೇಳಲಾಯಿತು. ಮನೆಯವರು ಒಪ್ಪಲಿಲ್ಲ. ಹಿಜಾಬ್ ತೆಗೆಯುವಂತೆ ಹೇಳಿಸಿಕೊಂಡಿದ್ದ ಕೆಲವು ವಿದ್ಯಾರ್ಥಿನಿಯರೇ, ಹಾಗಿದ್ದರೆ ಯಾವ ಧರ್ಮದ ಗುರುತಿಗೂ ಅವಕಾಶ ಕೊಡಬೇಡಿ ಎಂದು ಪಟ್ಟು ಹಿಡಿದರೆಂದು ಪತ್ರಿಕೆಗಳು ವರದಿ ಮಾಡಿದವು. ಈ ಸಾಲು ನಮ್ಮನ್ನು ಚುಚ್ಚಬೇಕು. ತನ್ನದನ್ನು ಕಳೆದುಕೊಂಡವಳಿಗೆ ನ್ಯಾಯವೆಂದರೆ ಪಕ್ಕದವಳೂ ಕಳೆದುಕೊಳ್ಳುವುದು ಎಂದು ತೋರುವಂಥ ಸ್ಥಿತಿಗೆ ಆ ಮಕ್ಕಳನ್ನು ತಂದವರು ಯಾರು?

ಸಿಖ್ಖರ ಐದು ಕಕಾರಗಳ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆ. ಕೇಶ, ಕಂಘಾ, ಕಡಾ, ಕಚ್ಛೆರಾ, ಕೃಪಾಣ: ಇವು ಹಬ್ಬಕ್ಕೆ ತೊಟ್ಟು ತೆಗೆದಿಡುವ ಒಡವೆಗಳಲ್ಲ. ದಿನವೂ ಬಾಚಬೇಕಾದ ಕೂದಲು, ಕೆಲಸಕ್ಕೆ ಚಾಚಿದಾಗಲೆಲ್ಲ ಕಣ್ಣಿಗೆ ಬೀಳುವ ಮಣಿಕಟ್ಟಿನ ಕಬ್ಬಿಣದ ಬಳೆ, ಮೈಗೆ ಅಂಟಿಕೊಂಡೇ ಇರುವ ಒಳಉಡುಪು. ನಂಬಿಕೆ ಇಲ್ಲಿ ದಿನಚರಿಯಾಗಿದೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರಿಗೆ ತಲೆಯೊಪ್ಪಿಸಲು ಎದ್ದುನಿಂತ ಐವರಲ್ಲಿ ಒಬ್ಬನಾದ ಸಾಹಿಬ್ ಸಿಂಗ್ ನಮ್ಮ ಬೀದರಿನವನು, ಕ್ಷೌರಿಕ ಜಾತಿಯವನು ಎನ್ನುತ್ತದೆ ಸಿಖ್ ಪರಂಪರೆ. ಕೂದಲು ಕತ್ತರಿಸುವ ಕಸುಬಿನಿಂದ ಬಂದವನು ಕೂದಲು ಕತ್ತರಿಸದವರ ಪಂಥಕ್ಕೆ ಮೊದಲಿಗನಾದ. ಕಸುಬಿನಿಂದ ಮನುಷ್ಯನನ್ನು ಅಳೆಯುವ ಜಾತಿ ಸಮಾಜಕ್ಕೆ ಕೊಟ್ಟ ಉತ್ತರವನ್ನೂ ಆ ಕೇಶದಲ್ಲಿ ಕಾಣಬಹುದು.

ಪೇಟ ಈ ಐದರಲ್ಲಿ ಸೇರಿಲ್ಲ. ಅದು ಕೇಶವನ್ನು ಕಾಯುವ ಉಡುಪು. ಸಿಖ್ಖರ ನಡಾವಳಿ ಸಂಹಿತೆಯಾದ 'ರಹತ್ ಮರ್ಯಾದಾ' ಗಂಡಸರಿಗೆ ಪೇಟವನ್ನು ಕಡ್ಡಾಯ ಮಾಡುತ್ತದೆ. ಹೆಂಗಸರು ಕಟ್ಟಬಹುದು, ಕಟ್ಟದೆಯೂ ಇರಬಹುದು ಎನ್ನುತ್ತದೆ. ಹೈಕೋರ್ಟು ಹಿಜಾಬಿಗೆ ಇಟ್ಟ ಪರೀಕ್ಷೆ 'ಅತ್ಯಗತ್ಯ ಧಾರ್ಮಿಕ ಆಚರಣೆ'ಯದು. ಅಬ್ದುಲ್ಲಾ ಯೂಸುಫ್ ಅಲಿಯವರ ಕುರ್‌ಆನ್ ವ್ಯಾಖ್ಯಾನವನ್ನು ಆಧರಿಸಿ, ಹಿಜಾಬ್ ಅತ್ಯಗತ್ಯವಲ್ಲ ಎಂದು ಪೀಠ ತೀರ್ಮಾನಿಸಿತು. ಅದೇ ತಕ್ಕಡಿಯಲ್ಲಿ ಇಟ್ಟರೆ ಆ ಹುಡುಗಿಯ ಪೇಟವೂ ತೂಗುವುದಿಲ್ಲ. ಆದರೆ ಅದು ಅವಳಿಗೆ ಏನು ಅಲ್ಲ? ಕಟ್ಟದೆ ಇರಬಹುದಾಗಿದ್ದೂ ಕಟ್ಟಿದಳೆಂಬುದರಲ್ಲೇ ಅವಳ ನಿಷ್ಠೆಯಿದೆ. ಐಚ್ಛಿಕವಾದದ್ದು ಅಮುಖ್ಯ ಎಂದು ಭಾವಿಸುವ ಓದು ಧರ್ಮದ ಅರ್ಧವನ್ನೂ ಕಾಣಲಾರದು.

ಪ್ರಭುತ್ವಕ್ಕೆ ಹೀಗಲ್ಲದೆ ಬೇರೆ ರೀತಿ ಓದಲು ಬರುವುದಿಲ್ಲವೇ? ಬರುತ್ತದೆ. ಸಂವಿಧಾನದ 25ನೇ ವಿಧಿಯ ವಿವರಣೆ ಕೃಪಾಣ ಧಾರಣೆಯನ್ನು ಸಿಖ್ ಧರ್ಮಾಚರಣೆಯ ಭಾಗವೆಂದು ನೇರವಾಗಿ ಒಪ್ಪಿದೆ. ಜೆ.ಪಿ. ನಗರದ ಪುಟ್ಟೇನಹಳ್ಳಿಯ ರಸ್ತೆಯಲ್ಲಿ ಪೇಟ ಕಟ್ಟಿದ ಸಿಖ್ಖನೊಬ್ಬ ಬೈಕಿನಲ್ಲಿ ಹೋದರೆ ಪೊಲೀಸರು ಹೆಲ್ಮೆಟ್ ಎಲ್ಲಿ ಎಂದು ಕೇಳುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಆ ವಿನಾಯಿತಿ ಕೊಟ್ಟಿದೆ. ಹಿಜಾಬ್ ತೀರ್ಪು ಬಂದ ಮಾರ್ಚ್ ತಿಂಗಳಲ್ಲೇ, ದೇಶದೊಳಗಿನ ವಿಮಾನಗಳಲ್ಲಿ ಆರು ಇಂಚಿನೊಳಗಿನ ಅಲಗಿನ ಕೃಪಾಣವನ್ನು ಸಿಖ್ ಪ್ರಯಾಣಿಕರು ಧರಿಸಬಹುದೆಂದು ವಿಮಾನಯಾನ ಭದ್ರತಾ ಇಲಾಖೆ ಆದೇಶಿಸಿತು. ಇದು ಸರಿಯಾದ ಆದೇಶ. ಅಲಗನ್ನು ಇಂಚುಗಳಲ್ಲಿ ಅಳೆದು ದಾರಿ ಹುಡುಕಬಲ್ಲ ವ್ಯವಸ್ಥೆಗೆ, ಸಮವಸ್ತ್ರದ್ದೇ ಬಣ್ಣದ ಒಂದು ಗಜ ಬಟ್ಟೆಗೆ ದಾರಿ ಹುಡುಕಲಾಗಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಹಾಗೆಂದು ಸಿಖ್ಖರಿಗೆ ಸಿಕ್ಕಿದ್ದು ಸುಲಭದ ಸವಲತ್ತಲ್ಲ. 1984ರಲ್ಲಿ ದಿಲ್ಲಿಯಲ್ಲಿ ಜೀವ ಉಳಿಸಿಕೊಳ್ಳಲು ಎಷ್ಟೋ ಮಂದಿ ಕೇಶ ಕತ್ತರಿಸಿಕೊಳ್ಳಬೇಕಾಯಿತು. ಹೆಲ್ಮೆಟ್ ವಿನಾಯಿತಿಯ ಕಾಯ್ದೆ ಬಂದ 1988ರಲ್ಲೇ ನಮ್ಮ ಬೀದರಿನಲ್ಲಿ ಸಿಖ್ ವಿದ್ಯಾರ್ಥಿಗಳ ಕೊಲೆಗಳಾದವು. ಇನ್ನು 'ಅತ್ಯಗತ್ಯ'ದ ಕತ್ತಿಗೆ ಎರಡು ಬದಿಯೂ ಅಲಗು. ಹುಬ್ಬಿನ ಕೂದಲು ತೆಗೆಸಿದ್ದಾಳೆಂದು ಅಮೃತಸರದ ವೈದ್ಯಕೀಯ ಕಾಲೇಜೊಂದು ಸಿಖ್ ಕೋಟಾದಲ್ಲಿ ಹುಡುಗಿಯೊಬ್ಬಳಿಗೆ ಸೀಟು ನಿರಾಕರಿಸಿದಾಗ, 2009ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಕಾಲೇಜಿನ ಪರವಾಗಿಯೇ ನಿಂತಿತು. ಯಾವುದು ಅತ್ಯಗತ್ಯ ಎಂದು ಹೇಳುವ ಅಧಿಕಾರ ಒಮ್ಮೆ ಹೊರಗಿನವರ ಕೈಗೆ ಹೋದರೆ, ಅಲ್ಲಿ ಕೂದಲಿಲ್ಲವೆಂದು, ಇಲ್ಲಿ ಬಟ್ಟೆಯಿದೆಯೆಂದು ಬಾಗಿಲಾಚೆ ನಿಲ್ಲುವವಳು ಹುಡುಗಿಯೇ.

ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 2007ರಲ್ಲಿ, ಡರ್ಬನ್ನಿನ ತಮಿಳು ಮೂಲದ ಶಾಲಾ ಬಾಲಕಿಯ ಮೂಗುತಿಯ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ಮೂಗುತಿ ಕಡ್ಡಾಯವಲ್ಲ, ಸ್ವಇಚ್ಛೆಯದು. ಆದರೂ ಅದಕ್ಕೆ ರಕ್ಷಣೆಯಿದೆ ಎಂದಿತು. ನಮ್ಮ ಹೈಕೋರ್ಟು ಈ ತೀರ್ಪನ್ನು ಓದಿತ್ತು. ಆದರೆ ಮೂಗುತಿ ಕಣ್ಣಿಗೆ ಅಷ್ಟಾಗಿ ಬೀಳದ ವಸ್ತು ಎಂದು ಪಕ್ಕಕ್ಕಿಟ್ಟಿತು. ಗಾತ್ರ ಕಂಡಿತು, ತತ್ತ್ವ ಕಾಣಲಿಲ್ಲ. 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಭಿನ್ನ ತೀರ್ಪು ಕೊಟ್ಟಾಗ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಆ ತತ್ತ್ವಕ್ಕೆ ಹತ್ತಿರ ಬಂದರು: ಅತ್ಯಗತ್ಯವೋ ಅಲ್ಲವೋ ಎಂಬ ಪ್ರಶ್ನೆಯೇ ಇಲ್ಲಿ ಬೇಕಿರಲಿಲ್ಲ, ಇದು ಆಯ್ಕೆಯ ಮಾತು, ಹೆಣ್ಣುಮಕ್ಕಳ ಓದಿನ ಮಾತು ಎಂದರು.

ತಪ್ಪು ನ್ಯಾಯಾಲಯದ್ದು ಮಾತ್ರವಲ್ಲ. ಹಿಜಾಬ್ ಅತ್ಯಗತ್ಯ ಎಂದು ಸಾಧಿಸಲು ಗ್ರಂಥ ಬಿಚ್ಚಿ ಕೂತ ನಮ್ಮ ಕಡೆಯವರೂ ಅದೇ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಒಪ್ಪಿಕೊಂಡರು. ನಾಳೆ ಹಿಜಾಬ್ ಬೇಡವೆನ್ನುವ ಮುಸ್ಲಿಂ ಹುಡುಗಿಯನ್ನು ಅದೇ ಗ್ರಂಥ ಬಿಚ್ಚಿ ಹಣಿಯುವುದಿಲ್ಲವೆಂದು ಅವರು ಭರವಸೆ ಕೊಡಬಲ್ಲರೇ? ಪೇಟಕ್ಕೆ ಬಿಟ್ಟವರು ಹಿಜಾಬಿಗೇಕೆ ಬಿಡುವುದಿಲ್ಲ ಎಂದು ಕೇಳುವುದು ನ್ಯಾಯವೇ. ಆ ಪ್ರಶ್ನೆಯನ್ನು ಸಿಖ್ ಹುಡುಗಿಯ ಕಡೆಗೆ ಬೆರಳು ಮಾಡಿ ಕೇಳಬಾರದು. ಅವಳ ಪಕ್ಕದ ಬೆಂಚಿನಲ್ಲಿ ಕೂತು ಕೇಳಬೇಕು.