ತೆಲುಗಿಗೂ ಕನ್ನಡಕ್ಕೂ 128ರ ಅಂತರ

ಪ್ರೋಗ್ರಾಮಿಂಗ್ ಕಲಿಯಹೊರಟವರು ಪೈಥಾನನ್ನು ಹಿಡಿಯಬೇಕೋ, ಕಾಟ್ಲಿನ್ನನ್ನು ಹಿಡಿಯಬೇಕೋ ಎಂದು ವಿಚಾರಿಸುವುದುಂಟು. ಮೊದಲು ಯಾವ ಕೆಲಸಕ್ಕೆ ಕೈಹಾಕಬೇಕೆಂದು ವಿಚಾರಿಸುವವರು ವಿರಳ. ಆದರೆ ವಿದ್ಯೆ ಹತ್ತುವುದೂ ಹತ್ತದಿರುವುದೂ ಬಹುಮಟ್ಟಿಗೆ ಈ ಎರಡನೆಯ ಪ್ರಶ್ನೆಯನ್ನೇ ಅವಲಂಬಿಸಿರುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ಪಾಠಕ್ರಮಗಳು ಕೊಡುವ ಲೆಕ್ಕಯಂತ್ರ, ಕೆಲಸಗಳ ಪಟ್ಟಿ ಮುಂತಾದ ಅಭ್ಯಾಸಗಳು ಬೆರಳಿಗೆ ವ್ಯಾಯಾಮವಾಗಬಹುದಲ್ಲದೆ, ಅವು ಯಾರ ಮನೆಗೂ ಬೇಕಾಗಿರುವುದಿಲ್ಲ.

ಕಲ್ಯಾಣದುರ್ಗದ ಕಡೆಯ ಕುಂದುರ್ಪಿಯನ್ನೇ ತೆಗೆದುಕೊಳ್ಳೋಣ. ಆಂಧ್ರದ ಅನಂತಪುರ ಜಿಲ್ಲೆಗೆ ಸೇರಿಯೂ ಕರ್ನಾಟಕದ ಎಲ್ಲೆಗೆ ಹತ್ತಿರವಾಗಿರುವ ಈ ಸೀಮೆಯಲ್ಲಿ, ಹಾಗೆಯೇ ಹಿಂದೂಪುರದ ಆಚೆಗಿನ ಮಡಕಶಿರಾ, ಅಮರಾಪುರಗಳಲ್ಲಿ, ಕನ್ನಡವೂ ತೆಲುಗೂ ಒಂದೇ ಮನೆಯ ನಾಲಗೆಯ ಮೇಲೆ ಓಡಾಡುತ್ತವೆ. ಆ ರಾಜ್ಯದ ಆಡಳಿತಭಾಷೆ ತೆಲುಗು. ಕನ್ನಡ ಅಕ್ಷರವನ್ನು ಮಾತ್ರ ಕಲಿತ ಹಿರಿಯರಿಗೆ ಮೊಬೈಲಿನಲ್ಲಿ ಬಂದ ತೆಲುಗು ಪ್ರಕಟಣೆಯನ್ನು ಯಾರಾದರೂ ಓದಿ ಹೇಳಿದರೆ ಅರ್ಥವಾಗುತ್ತದೆ. ತಾವೇ ಓದಲು ಆಗುವುದಿಲ್ಲ. ಅವರಿಗೆ ಅನುವಾದ ಬೇಕಿಲ್ಲ. ಅದೇ ಮಾತನ್ನು ಕನ್ನಡ ಲಿಪಿಗೆ ಇಳಿಸಿಕೊಟ್ಟರೆ ಸಾಕು. ಕಲಿಯುವವನ ಮೊದಲನೆಯ ಆ್ಯಪ್ ಇದಾಗಬೇಕು.

ಇದು ಎಷ್ಟು ಸುಲಭಸಾಧ್ಯವೆಂಬುದನ್ನು ಕಂಡಾಗ ಯಾರಿಗಾದರೂ ಆನಂದವಾಗದೆ ಇರದು. ಯೂನಿಕೋಡಿನಲ್ಲಿ ಪ್ರತಿಯೊಂದು ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಖ್ಯೆಯಿದೆ. ತೆಲುಗಿಗೆ 3072ರಿಂದ 3199ರವರೆಗೆ, ಅದರ ಮಗ್ಗುಲಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ, ತಲಾ 128 ಸ್ಥಾನಗಳು. ಬ್ರಾಹ್ಮಿಯಿಂದ ಕವಲೊಡೆದ ಲಿಪಿಗಳ ಸಮಾನಾಕ್ಷರಗಳಿಗೆ ಸಮಾನಸ್ಥಾನವನ್ನು ಕೊಡಬೇಕೆಂಬ ತತ್ತ್ವವನ್ನು ಭಾರತದ ಇಸ್ಕಿ ಸಂಕೇತವ್ಯವಸ್ಥೆ ಅನುಸರಿಸಿತ್ತು. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿ ಆ ಕ್ರಮವನ್ನೇ ಉಳಿಸಿಕೊಂಡಿತು. ಆದಕಾರಣ ತೆಲುಗಿನ ಕಕಾರದ ಸಂಖ್ಯೆ 3093 ಆದರೆ ಕನ್ನಡದ ಕಕಾರದ್ದು 3221, 128ನ್ನು ಕೂಡಿಸಿದರಾಯಿತು. ಕೊಂಬಿಗೂ ಗುಡಿಸಿಗೂ ಸೊನ್ನೆಗೂ ಅದೇ ಲೆಕ್ಕ. ಪೈಥಾನಿನಲ್ಲಿ ಅಕ್ಷರದಿಂದ ಸಂಖ್ಯೆಯನ್ನು ಪಡೆಯುವುದಕ್ಕೊಂದು, ಸಂಖ್ಯೆಯಿಂದ ಅಕ್ಷರವನ್ನು ಪಡೆಯುವುದಕ್ಕೊಂದು ಆಜ್ಞೆಯಿದೆ. ಇವೆರಡರ ಜೊತೆಗೆ ಒಂದು ಆವರ್ತನ, ಒಂದು ಷರತ್ತು ಸೇರಿದರೆ ಉಪಕರಣದ ತಿರುಳು ಸಿದ್ಧ.

ಊರಿನ ಹೆಸರನ್ನೇ ಪೈಥಾನಿಗೆ ಕೊಟ್ಟು ನೋಡಿರಿ. ಕುಂದುರ್ಪಿ ಎಂಬಲ್ಲಿ ನಮ್ಮ ಕಣ್ಣು ಕಾಣುವುದು ಕುಂ, ದು, ರ್ಪಿ ಎಂದು ಮೂರೇ ಅಕ್ಷರ. ಪೈಥಾನ್ ಎಣಿಸುವುದು 9. ಕ, ಕೊಂಬು, ಸೊನ್ನೆ, ದ, ಕೊಂಬು, ರ, ಅರ್ಧಾಕ್ಷರವನ್ನು ಸೂಚಿಸುವ ವಿರಾಮ, ಪ, ಗುಡಿಸು, ಹೀಗೆ. ಬರೆಯುವಾಗ ಪಿಕಾರದ ಮುಂದೆ ಹೋಗಿ ಕುಳಿತುಕೊಳ್ಳುವ ಅರ್ಕಾವತ್ತು, ಒಳಗೆ ಉಚ್ಚಾರಣೆಯ ಕ್ರಮದಲ್ಲಿಯೇ ಪಕಾರಕ್ಕಿಂತ ಮೊದಲು ಬಂದಿರುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಿ ಈ ಹೆಸರನ್ನು ಒತ್ತುವವರ ಬೆರಳೂ ಇದೇ ಕ್ರಮದಲ್ಲಿ ಸಾಗುತ್ತದೆ. ಇನ್ನು ಈ 9 ಸಂಕೇತಗಳನ್ನು ಹಿಂದುಮುಂದಾಗಿ ಜೋಡಿಸಿದರೋ, ಮೊದಲಿಗೆ ಆಶ್ರಯವಿಲ್ಲದ ಗುಡಿಸೊಂದು ಚುಕ್ಕಿಯ ವೃತ್ತವನ್ನು ಹಿಡಿದು ನಿಲ್ಲುತ್ತದೆ, ರ್ಪಿ ಇದ್ದಲ್ಲಿ ಪ್ರು ಹುಟ್ಟುತ್ತದೆ. ಅಕ್ಷರವೆಂದು ನಾವು ಹೇಳುವುದೂ ಯಂತ್ರ ಎಣಿಸುವುದೂ ಬೇರೆಬೇರೆ ಎಂಬ ಈ ತಿಳಿವು ರೋಮನ್ ಲಿಪಿಯ ಉದಾಹರಣೆಗಳಿಂದಲೇ ಕಲಿತವರಿಗೆ ಬಹುಕಾಲ ದೊರೆಯದು.

ನಿಯಮಕ್ಕೆ ಅಪವಾದಗಳೂ ಉಂಟು. ಪದಗಳ ನಡುವಣ ಖಾಲಿ ಜಾಗಕ್ಕೂ ಪೂರ್ಣವಿರಾಮಕ್ಕೂ 128ನ್ನು ಕೂಡಿಸಿದರೆ ವಾಕ್ಯವೇ ಕೆಡುತ್ತದೆ; ತೆಲುಗಿನ ವ್ಯಾಪ್ತಿಯಲ್ಲಿರುವ ಸಂಖ್ಯೆಗಳನ್ನು ಮಾತ್ರ ಮುಟ್ಟಬೇಕು. ತೆಲುಗಿನ ದಂತ್ಯ ಚಕಾರಕ್ಕೆಂದು ಅಲ್ಲಿ ಒಂದು ವಿಶಿಷ್ಟಾಕ್ಷರವಿದೆ. ಅದಕ್ಕೆ ಸರಿಯಾದ ಕನ್ನಡದ ಸ್ಥಾನ ತೆರವಾಗಿರುವುದರಿಂದ ಅದನ್ನು ಚಕಾರವಾಗಿ ಬದಲಿಸುವಂತೆ ಬೇರೆಯಾಗಿಯೇ ವಿಧಿಸಬೇಕು.

ತಿರುಳು ಸರಿಯಾದ ಮೇಲೆಯೇ ಮುಖದ ಮಾತು. ಆ್ಯಪುಗಳನ್ನು ಕಟ್ಟುವ ಗೂಗಲಿನ ಸಾಧನವಾದ ಫ್ಲಟರ್ 2022ರಿಂದೀಚೆಗೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸ್ಥಿರರೂಪದಲ್ಲಿ ಲಭ್ಯವಿರುವುದರಿಂದ, ಪೈಥಾನಿನಲ್ಲಿ ಕಂಡುಕೊಂಡ ಲೆಕ್ಕವನ್ನೇ ಅದರ ಡಾರ್ಟ್ ಭಾಷೆಯಲ್ಲಿ ಒಮ್ಮೆ ಬರೆದರೆ ಅದು ಮೊಬೈಲಿಗೂ ಮೇಜಿನ ಗಣಕಕ್ಕೂ ಒದಗುತ್ತದೆ. ಮೇಲೊಂದು ಪೆಟ್ಟಿಗೆ, ಕೆಳಗೊಂದು ಪೆಟ್ಟಿಗೆ, ನಡುವೆ ಒಂದು ಗುಂಡಿ. ಇದಕ್ಕಿಂತ ಹೆಚ್ಚಿನ ಅಲಂಕಾರ ಬೇಡ. ಕೆಳಗಿನ ಪೆಟ್ಟಿಗೆಯ ಅಕ್ಷರಗಳು ಮಾತ್ರ ದೊಡ್ಡದಾಗಿರಲಿ, ಓದುವವರು ವಯಸ್ಸಾದವರು.

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಗಣಕವನ್ನು ಕಲಿಸುವ ಉಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆ: ಬರುವ ವಾರ ಮಕ್ಕಳಿಗೆ ಈ ಕೂಡಿಸುವ ಲೆಕ್ಕವನ್ನೇ ಮೊದಲ ಪಾಠವಾಗಿ ಕೊಡಿರಿ, ಸಿದ್ಧವಾದ ಆ್ಯಪನ್ನು ಅವರವರ ಮನೆಯ ಅಜ್ಜ ಅಜ್ಜಿಯರ ಫೋನಿನಲ್ಲಿ ಹಾಕಿಸಿ, ಅವರು ಎಲ್ಲಿ ತಡವರಿಸುತ್ತಾರೆಂಬುದನ್ನು ಬರೆದುಕೊಂಡು ಬರಹೇಳಿರಿ.