ಕ್ಷಣವೂ ಕ್ರಿಯೆಯೂ: ಅಶ್ವದ ಛಾಯಾಚಿತ್ರಗಳ ವಿಮರ್ಶೆ

ಓಡುವ ಕುದುರೆಯ ನಾಲ್ಕು ಗೊರಸುಗಳೂ ಒಮ್ಮೆಗೇ ನೆಲವನ್ನು ಬಿಡುವುವೆ, ಬಿಟ್ಟರೆ ಯಾವಾಗ ಬಿಡುವುವು ಎಂಬುದು ಬರಿಗಣ್ಣಿಗೆ ನಿಲುಕದ ವಿಷಯ. ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನು 1878ನೆಯ ಜೂನ್ ತಿಂಗಳಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಇದನ್ನು ಪರೀಕ್ಷಿಸಿದನು. ಓಟದ ಹಾದಿಯ ಪಕ್ಕದಲ್ಲಿ 12 ಕ್ಯಾಮರಾಗಳನ್ನು 27 ಅಂಗುಲಗಳಿಗೊಂದರಂತೆ ಸಾಲಾಗಿ ನಿಲ್ಲಿಸಿ, ಅಡ್ಡಲಾಗಿ ಕಟ್ಟಿದ ದಾರಗಳನ್ನು ಕುದುರೆಯು ತಾಗಿದೊಡನೆ ಒಂದೊಂದು ಕ್ಯಾಮರಾದ ಮುಚ್ಚಳವೂ ತೆರೆದು ಮುಚ್ಚುವಂತೆ ಏರ್ಪಡಿಸಿದನು. ಸ್ಯಾಲಿ ಗಾರ್ಡ್ನರ್ ಎಂಬ ಹೆಣ್ಣುಕುದುರೆಯು ನಾಗಾಲೋಟದಿಂದ ಅಲ್ಲಿ ಹಾಯ್ದಿತು. ಗೊರಸುಗಳೆಲ್ಲವೂ ನೆಲವನ್ನು ಬಿಡುವುದು ದಿಟ. ಆದರೆ ಕಾಲುಗಳು ಹಿಂದುಮುಂದಕ್ಕೆ ನೀಡಿಕೊಂಡಿರುವಾಗ ಅಲ್ಲ, ಹೊಟ್ಟೆಯ ಕೆಳಗೆ ಒಗ್ಗೂಡಿದಾಗ ಎಂದು ಸಿದ್ಧವಾಯಿತು.

ಇದರಿಂದ ಚಿತ್ರಕಾರರ ರೂಢಿಗೆ ದೊಡ್ಡ ಆಕ್ಷೇಪವೊದಗಿತು. ಎಪ್ಸಮ್ಮಿನಲ್ಲಿ 1821ರಲ್ಲಿ ನಡೆದ ಪಂದ್ಯವನ್ನು ಫ್ರಾನ್ಸಿನ ಜೆರಿಕೋ ಬರೆದಿರುವ ಪ್ರಸಿದ್ಧ ಚಿತ್ರದಲ್ಲಿ ಕುದುರೆಗಳು ಕಾಲುಗಳನ್ನು ನೀಡಿ ಗಾಳಿಯಲ್ಲಿ ತೇಲುತ್ತಿವೆ. ಇದು ಅಸತ್ಯವೆಂದು ಒಂದು ಪಕ್ಷ. ಕಾಲವು ಎಂದೂ ನಿಲ್ಲುವುದಿಲ್ಲವಾದ್ದರಿಂದ ಕಾಲವನ್ನು ನಿಲ್ಲಿಸಿ ತೋರಿಸುವ ಛಾಯಾಚಿತ್ರವೇ ಅಸತ್ಯವೆಂದು, ಶಿಲ್ಪಿಯಾದ ರೋದಾನನು 1911ರಲ್ಲಿ ಪ್ರಕಟವಾದ ಸಂವಾದಗಳಲ್ಲಿ ಹೇಳಿದ್ದು ಎರಡನೆಯ ಪಕ್ಷ.

ಎರಡರಲ್ಲಿಯೂ ಒಂದೇ ದೋಷವುಂಟು: ಒಂದು ಕ್ಷಣವನ್ನು ಕ್ರಿಯೆಯೆಂದೇ ಭಾವಿಸಿ ವಾದಕ್ಕೆ ತೊಡಗಿರುವುದು. ಕ್ರಿಯೆಯನ್ನು ಉಂಡೆಗಟ್ಟಿ ತೋರಿಸುವುದು ಅಶಕ್ಯವೆಂದು ಮಹಾಭಾಷ್ಯಕಾರರ ಮತ. ಒಂದರ ಹಿಂದೊಂದಾಗಿ ಹುಟ್ಟುವ ಅವಯವಗಳನ್ನು ಬುದ್ಧಿಯು ಒಂದುಗೂಡಿಸಿದಾಗಲೇ ಅದಕ್ಕೆ ಕ್ರಿಯೆಯೆಂಬ ವ್ಯಪದೇಶವೆಂದು ಭರ್ತೃಹರಿಯು ವಾಕ್ಯಪದೀಯದಲ್ಲಿ ನಿರ್ಣಯಿಸಿದ್ದಾನೆ. ಹೀಗಿರಲು ಒಂದು ಛಾಯಾಚಿತ್ರವು ಅವಯವದ ವಿಷಯದಲ್ಲಿ ಪ್ರಮಾಣವೇ ಸರಿ. ಓಟದ ವಿಷಯದಲ್ಲಿ ಅಲ್ಲ. ಮೈಬ್ರಿಜನ ಹಿರಿಮೆಯಿರುವುದು ಬಿಡಿಚಿತ್ರದಲ್ಲಲ್ಲ, ಕ್ರಮವನ್ನು ಕಾಯ್ದುಕೊಂಡ ಸಾಲಿನಲ್ಲಿ. ಆ ಸಾಲಿನಿಂದ ಒಂದನ್ನೇ ಕಿತ್ತು ನೋಡಿದರೆ, ಕಾಲು ಮುದುಡಿದ ಕುದುರೆಯು ಕಾಣದ ಹಗ್ಗದಿಂದ ತೂಗುಹಾಕಿದಂತೆ ತೋರುವುದೇ ಹೊರತು ಓಡುವಂತೆ ತೋರದು.

ಹಾಗಾದರೆ ಬಿಡಿಚಿತ್ರದಲ್ಲಿ ಓಟವನ್ನು ಸೂಚಿಸುವುದು ಅಸಾಧ್ಯವೆ? ಅಲ್ಲ. ಶಾಕುಂತಲದ ಮೊದಲನೆಯ ಅಂಕದಲ್ಲಿ ಕಾಳಿದಾಸನು ರಥಾಶ್ವಗಳ ಗೊರಸುಗಳನ್ನು ಎಣಿಸಲು ಹೋಗುವುದಿಲ್ಲ. ಅಲುಗದ ಚಾಮರ, ನಿಮಿರಿದ ಕಿವಿ, ತಾವೇ ಎಬ್ಬಿಸಿದ ಧೂಳಿಗೂ ಸಿಕ್ಕದ ವೇಗ, ಇವನ್ನು ಹೇಳುತ್ತಾನೆ. ಹಿಂದುಳಿದ ಧೂಳು ಕಳೆದ ಕ್ಷಣದ ಗುರುತು. ಇಂತಹ ಗುರುತನ್ನು ಒಳಗೊಂಡ ಚಿತ್ರದಲ್ಲಿ ನೋಡುವವನ ಬುದ್ಧಿಯು ಉಳಿದ ಅವಯವಗಳನ್ನು ತಾನೇ ಕೂಡಿಸಿಕೊಳ್ಳುವುದು.

ನಿಂತ ಕುದುರೆಯ ಚಿತ್ರವು ಸುಲಭವೆಂಬುದು ಸಾಮಾನ್ಯರ ಅಭಿಪ್ರಾಯ. ಮಮ್ಮಟನು ಸ್ವಭಾವೋಕ್ತಿಗೆ ಉದಾಹರಿಸಿರುವುದು ಹರ್ಷಚರಿತದ ಅಶ್ವವನ್ನು. ನಿದ್ದೆಯಿಂದೆದ್ದ ಆ ಕುದುರೆಯು ಹಿಂಗಾಲುಗಳನ್ನು ಚಾಚಿ, ಮೈ ನೀಳಗೊಳಿಸಿ, ಕತ್ತನ್ನು ಬಾಗಿಸಿ, ಧೂಳು ಹತ್ತಿದ ಕೇಸರವನ್ನು ಕೊಡವುತ್ತದೆ. ಹುಲ್ಲಿನಾಸೆಯಿಂದ ಮೂಗಿನ ತುದಿಯನ್ನು ಅದುರಿಸುತ್ತ ಗೊರಸಿನಿಂದ ನೆಲವನ್ನು ಕೆರೆಯುತ್ತದೆ. ಇದು ಎಲ್ಲಿಗೂ ಓಡುತ್ತಿಲ್ಲ. ಆದರೂ ಇದರಲ್ಲಿ ಕ್ರಿಯೆಯು ತುಂಬಿದೆ. ಕೇಸರದ ಧೂಳಿನಲ್ಲಿ ಕಳೆದ ರಾತ್ರಿಯಿದೆ. ಮೂಗಿನ ಅದುರಿನಲ್ಲಿ ಬರಲಿರುವ ಮೇವಿದೆ. ಲಗಾಮು ಹಿಡಿದು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ ತೆಗೆದ ಚಿತ್ರಗಳಲ್ಲಿ ಇವೆರಡೂ ಇರುವುದಿಲ್ಲ. ಅವು ಮಾರಾಟಗಾರನಿಗೆ ಅಂಗಲಕ್ಷಣಗಳನ್ನು ತಿಳಿಸುವುವು. ಸಹೃದಯನಿಗೆ ಕುದುರೆಯನ್ನು ತಿಳಿಸವು.

ಆದುದರಿಂದ ಜೆರಿಕೋವಿನ ಚಿತ್ರವನ್ನು ಗೊರಸಿನ ಲೆಕ್ಕದಿಂದ ತಳ್ಳುವುದೂ, ಮೈಬ್ರಿಜನ ಸಾಕ್ಷ್ಯವನ್ನು ಕಲೆಯ ಹೆಸರಿನಲ್ಲಿ ಅಲ್ಲಗಳೆಯುವುದೂ ಸಮವಾಗಿ ಅನುಚಿತ. ಯಂತ್ರವು ಕ್ಷಣವನ್ನು ತಪ್ಪದೆ ಹಿಡಿಯಬಲ್ಲದು. ಹಿಂದಣ ಮುಂದಣಗಳನ್ನು ಒಳಗೊಂಡ ಕ್ಷಣವು ಯಾವುದೆಂದು ಆರಿಸುವ ಭಾರವು, ಓಟದಲ್ಲಾಗಲಿ ನಿಲುವಿನಲ್ಲಾಗಲಿ, ಯಂತ್ರವನ್ನು ಹಿಡಿದವನ ಮೇಲೆಯೇ ಇರುವುದು.